ಹೆಕ್ಕಿದವರ ಕಾಫಿ

ಕನ್ನಡದಲ್ಲಿ ಕಾಫಿಯ ಬಗ್ಗೆ ಬರೆಯ ಹೊರಟವರು ಸಾಮಾನ್ಯವಾಗಿ ಬಾಬಾಬುಡನ್‌ನಿಂದ ಶುರು ಮಾಡುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಆ ಸೂಫಿ ಸಂತ ಹಜ್ ಯಾತ್ರೆ ಮುಗಿಸಿ ಬರುವಾಗ ಮೋಕಾದಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದ ಐತಿಹ್ಯವನ್ನು ಹೇಳುತ್ತಾರೆ. ಅಲ್ಲಿಂದ ಒಂದೇ ಜಿಗಿತಕ್ಕೆ ಹಿತ್ತಾಳೆ ಫಿಲ್ಟರು, ಹಬೆಯಾಡುವ ಡಿಕಾಕ್ಷನ್ನು, ಬೆಳಗಿನ ಪೇಪರು, ಮನೆಯ ಜಗಲಿ. ನಡುವಿನ ಮುನ್ನೂರು ವರ್ಷ ಎಲ್ಲಿಗೆ ಹೋಯಿತು? ಕಾಡು ಕಡಿದವರು, ಹಣ್ಣು ಕೊಯ್ದವರು, ಮೂಟೆ ಹೊತ್ತವರು, ಬೀಜ ಹೆಕ್ಕಿದವರು ಎಲ್ಲಿಗೆ ಹೋದರು? ಕಾಫಿಯ ಚರಿತ್ರೆಯೆಂದರೆ ಕುಡಿದವರ ಚರಿತ್ರೆ ಎಂಬಂತಾಗಿದೆ.

ನಾನು ಮಂಗಳೂರಿನವ. ಈ ಊರಿನ ಒಂದು ಕಾಫಿ ಕ್ಯೂರಿಂಗಿನಲ್ಲಿ ನನ್ನ ಅಮ್ಮ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬೀಜ ಹೆಕ್ಕಿದವಳು. ಹಾಗಾಗಿ "ಒಳ್ಳೆಯ ಕಾಫಿ" ಎಂಬ ಮಾತು ಕೇಳಿದಾಗಲೆಲ್ಲ ನನಗೆ ಒಂದು ಪ್ರಶ್ನೆ ಏಳುತ್ತದೆ. ಅದು ಒಳ್ಳೆಯದು ಅಂತ ತೀರ್ಮಾನ ಮಾಡಿದ್ದು ಯಾರ ಕಣ್ಣು, ಯಾರ ಬೆರಳು? ಹಾಗೆ ತೀರ್ಮಾನಿಸಿದವರ ಮನೆಯಲ್ಲಿ ಕುದಿದ ಕಾಫಿಯನ್ನು ಊರು ಕುಡಿಯಿತೇ? ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಕಾಫಿಗೇನು ಕೆಲಸ ಎಂದು ಕೇಳುವವರಿಗೆ ನನ್ನ ಉತ್ತರ ಈ ಪ್ರಶ್ನೆಗಳೇ.

1. ಘಟ್ಟದ ಸಾಲ

ಘಟ್ಟದ ಮೇಲಿನ ಕಾಫಿ ತೋಟಗಳು ಯುರೋಪಿಯನ್ನರ ಬಂಡವಾಳದಿಂದ ವಿಸ್ತಾರವಾಗಿ ಹಬ್ಬಿದ್ದು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ. ಅದೇ ಕಾಲಕ್ಕೆ, 1843ರ ಐದನೇ ಕಾಯ್ದೆಯ ಮೂಲಕ, ಬ್ರಿಟಿಷ್ ಇಂಡಿಯಾದಲ್ಲಿ ಗುಲಾಮಗಿರಿಗೆ ಕಾನೂನಿನ ಬೆಂಬಲ ಇಲ್ಲದಂತಾಯಿತು. ದಕ್ಷಿಣ ಕನ್ನಡದ ಹೊಲೆಯರು ವರ್ಗದ ಭೂಮಿಯ ಜೊತೆಗೇ ಕೈಯಿಂದ ಕೈಗೆ ಹೋಗುತ್ತಿದ್ದ ಜನ. ಕಾಯ್ದೆ ಬಂದಮೇಲೆ ಅವರು ಬಿಡುಗಡೆಯಾದರೇ? ಐವತ್ತು ವರ್ಷಗಳ ನಂತರ, 1894ರಲ್ಲಿ, ಸ್ಟರಕ್ ಸಿದ್ಧಪಡಿಸಿದ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿ ಕೂಲಿಗಳನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ. ಒಬ್ಬರು ವಂಶಪಾರಂಪರ್ಯವಾಗಿ ಭೂಮಿಗೆ ಅಂಟಿದ ಮೂಲದವರು, ಇನ್ನೊಬ್ಬರು ಸಾಲಕ್ಕೆ ಕಟ್ಟುಬಿದ್ದ ಸಾಲದವರು. ಆ ಹೊತ್ತಿಗೆ ಇವರಿಬ್ಬರ ನಡುವೆ ಹೆಚ್ಚಿನ ವ್ಯತ್ಯಾಸ ಉಳಿದಿರಲಿಲ್ಲ ಎಂಬುದನ್ನೂ ಅದೇ ಕೈಪಿಡಿ ಒಪ್ಪುತ್ತದೆ. ಗುಲಾಮಗಿರಿ ಸಾಲದ ಅಂಗಿ ತೊಟ್ಟು ನಿಂತಿತು, ಅಷ್ಟೆ.

ಕಾಫಿ ತೋಟಕ್ಕೆ ಬೇಕಾದದ್ದೂ ಈ ಸಾಲವೇ. ಸೇರೆಗಾರ ಊರಿಗೆ ಬಂದು ಮುಂಗಡ ಕೊಡುತ್ತಿದ್ದ. ಮುಂಗಡ ಹಿಡಿದವರು ಸುಗ್ಗಿಗೆ ಘಟ್ಟ ಹತ್ತಬೇಕು. ಹತ್ತದಿದ್ದರೆ 1859ರ ಹದಿಮೂರನೇ ಕಾಯ್ದೆ ಇತ್ತು. ಮುಂಗಡ ಪಡೆದು ಕೆಲಸ ಮಾಡದವನನ್ನು ಮ್ಯಾಜಿಸ್ಟ್ರೇಟನ ಮುಂದೆ ಎಳೆದು ಜೈಲಿಗೆ ಕಳಿಸಲು ಧಣಿಗೆ ಅವಕಾಶ ಕೊಟ್ಟ ಈ ಕಾಯ್ದೆ ರದ್ದಾದದ್ದು 1925ರಲ್ಲಿ. ಸಿವಿಲ್ ಸಾಲವನ್ನು ಕ್ರಿಮಿನಲ್ ಅಪರಾಧ ಮಾಡಿದ ಇಂಥ ಕಾನೂನಿನ ನೆರಳಿನಲ್ಲಿ ಬೆಳೆದದ್ದು ನಮ್ಮ ಕಾಫಿ. ಒಂದು ಮಾತನ್ನು ಇಲ್ಲಿ ಮರೆಯಬಾರದು. ಕೆಲವರಿಗೆ ಘಟ್ಟ ಹತ್ತುವುದು ಊರ ಧಣಿಯಿಂದ ತಪ್ಪಿಸಿಕೊಳ್ಳುವ ದಾರಿಯೂ ಆಗಿತ್ತು. ಊರಿನಲ್ಲಿ ಅಳೆದು ಹಾಕುವ ಭತ್ತದ ಬದಲು ಅಲ್ಲಿ ಕೈಗೆ ಕಾಸು ಸಿಗುತ್ತಿತ್ತು. ಒಂದು ಕಟ್ಟು ಬಿಚ್ಚಲು ಇನ್ನೊಂದು ಕಟ್ಟಿಗೆ ಕೊರಳು ಕೊಡುವ ಸ್ಥಿತಿ ಅದು. ಜೊತೆಗೆ ಮಲೆನಾಡಿನ ಚಳಿಜ್ವರ.

ಈ ಹಿನ್ನೆಲೆಯಲ್ಲಿ ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು (1933) ಮತ್ತೆ ಓದಬೇಕಾಗಿದೆ. ನಮ್ಮ ವಿಮರ್ಶೆ ಚೋಮನ ಬೇಸಾಯದ ಆಸೆಯ ಬಗ್ಗೆ, ದುಡಿಯ ಬಗ್ಗೆ, ಮತಾಂತರದ ಬಗ್ಗೆ ಸಾಕಷ್ಟು ಮಾತಾಡಿದೆ. ಕಾಫಿ ತೋಟವನ್ನು ಮಾತ್ರ ಕಥೆಯ ತಿರುವಿಗೆ ಬೇಕಾದ ಒಂದು ಜಾಗ ಎಂಬಂತೆ ದಾಟಿ ಹೋಗಿದೆ. ಗಮನಿಸಿ ನೋಡಿದರೆ ಚೋಮನ ಮನೆಯನ್ನು ಮುರಿಯುವುದರಲ್ಲಿ ಊರ ಧಣಿಯಷ್ಟೇ ಪಾಲು ಕಾಫಿ ತೋಟದ ಆ ಹಳೆಯ ಸಾಲದ್ದು. ಸಾಲ ತೀರಿಸಲು ಚನಿಯ, ಗುರುವ ಇಬ್ಬರೂ ಘಟ್ಟಕ್ಕೆ ಹೋಗುತ್ತಾರೆ. ಗುರುವ ಅಲ್ಲೇ ಕ್ರಿಶ್ಚಿಯನ್ನಳನ್ನು ಮದುವೆಯಾಗಿ ಉಳಿಯುತ್ತಾನೆ. ಚನಿಯ ಜ್ವರ ಹೊತ್ತು ಮನೆಗೆ ಬಂದು ಸಾಯುತ್ತಾನೆ. ಕೊನೆಗೆ ಬೆಳ್ಳಿ ತೋಟಕ್ಕೆ ಹೋಗಬೇಕಾಗುತ್ತದೆ, ಅವಳ ದೇಹದ ಮೂಲಕ ಸಾಲ ಚುಕ್ತಾ ಆಗುತ್ತದೆ. ಕಾಫಿ ಚೋಮನ ಗುಡಿಸಲಿಗೆ ಬರುವುದು ಸಾಲದ ರೂಪದಲ್ಲಿ, ಜ್ವರದ ರೂಪದಲ್ಲಿ, ಮಗಳ ಮೌನದ ರೂಪದಲ್ಲಿ. ಲೋಟದಲ್ಲಿ ಬರುವುದು ನಮಗೆ, ಕಾದಂಬರಿ ಓದುವವರಿಗೆ.

2. ಬಂದರು, ಗೋದಾಮು, ಬೆರಳು

ಘಟ್ಟದಲ್ಲಿ ಬೆಳೆದದ್ದು ಘಟ್ಟದಲ್ಲಿ ಉಳಿಯಲಿಲ್ಲ. ಸಂಪಾಜೆ, ಶಿರಾಡಿ, ಚಾರ್ಮಾಡಿ ಇಳಿದು ಎತ್ತಿನ ಗಾಡಿಗಳಲ್ಲಿ ಮಂಗಳೂರಿಗೆ ಬಂತು. ಮಲೆನಾಡಿನ ಮಂಜಿನಲ್ಲಿ ಸರಿಯಾಗಿ ಒಣಗದ ಬೀಜ ಕರಾವಳಿಯ ಬಿಸಿಲಿಗೆ ಒಣಗುತ್ತಿತ್ತು. ಹಾಗಾಗಿ ಕ್ಯೂರಿಂಗ್ ವರ್ಕ್ಸ್‌ಗಳು ಈ ದಡದಲ್ಲಿ ಎದ್ದವು. ಪಿಯರ್ಸ್ ಲೆಸ್ಲಿ, ಆಸ್ಪಿನ್‌ವಾಲ್‌ನಂಥ ಬ್ರಿಟಿಷ್ ವ್ಯಾಪಾರಿ ಕಂಪನಿಗಳು 1860ರ ದಶಕದಿಂದ ಪಶ್ಚಿಮ ಕರಾವಳಿಯಲ್ಲಿ ಬೇರು ಬಿಟ್ಟವು. 1907ರಲ್ಲಿ ರೈಲು ಬಂತು, ಹಾಸನದ ರೈಲು 1979ರಲ್ಲಿ. ಅಷ್ಟರೊಳಗೆ, 1970ರ ದಶಕದಲ್ಲಿ, ಪಣಂಬೂರಿನ ಹೊಸ ಬಂದರು ತಯಾರಾಗಿತ್ತು. ಅದಕ್ಕೆ ಮೊದಲು ಹಳೆ ಬಂದರಿನಿಂದ ದೋಣಿಗಳಲ್ಲಿ ಮೂಟೆ ತುಂಬಿ, ದೂರ ಕಡಲಲ್ಲಿ ನಿಂತ ಹಡಗಿಗೆ ಏರಿಸಬೇಕಿತ್ತು. ಹಂಚಿನ ಕಾರ್ಖಾನೆ, ಗೇರುಬೀಜದ ಫ್ಯಾಕ್ಟರಿ, ಬೀಡಿಯಂತೆಯೇ ಕಾಫಿ ಕ್ಯೂರಿಂಗೂ ಈ ಊರಿನ ಬಡವರ ಮನೆಯ ಒಲೆ ಉರಿಸಿದೆ.

ಮಂಗಳೂರಿನ ಗೋದಾಮುಗಳಲ್ಲಿ ತಯಾರಾಗುವ ಒಂದು ಕಾಫಿ ಲೋಕಪ್ರಸಿದ್ಧ. ಅದರ ಕತೆ ಸ್ವಾರಸ್ಯದ್ದು. ಹಾಯಿ ಹಡಗಿನ ಕಾಲದಲ್ಲಿ ಇಲ್ಲಿನ ಕಾಫಿ ಆಫ್ರಿಕಾದ ತುದಿ ಸುತ್ತಿ ಯುರೋಪು ಮುಟ್ಟಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಹಡಗಿನ ಹೊಟ್ಟೆಯಲ್ಲಿ ಕಡಲ ತೇವ ಹೀರಿ ಹಸಿರು ಬೀಜ ಊದಿ ಹೊಂಬಣ್ಣಕ್ಕೆ ತಿರುಗುತ್ತಿತ್ತು, ಹುಳಿ ಕಳೆದುಕೊಂಡು ಮೆತ್ತಗಾಗುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಹಬೆ ಹಡಗು ಬಂತು, ಕಾಫಿ ಬೇಗ ತಲುಪಿತು. ಆದರೆ ಅಲ್ಲಿಯವರಿಗೆ ಹಳೆಯ ರುಚಿಯೇ ಬೇಕಾಯಿತು. ಕಡಲು ತಾನಾಗಿ ಮಾಡುತ್ತಿದ್ದ ಕೆಲಸವನ್ನು ದಡದಲ್ಲಿ ಕೂಲಿ ಕೊಟ್ಟು ಮಾಡಿಸುವ ಕ್ರಮ ಹುಟ್ಟಿದ್ದು ಹಾಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಗಾಳಿ ಆಡುವ ಗೋದಾಮಿನ ನೆಲದ ಮೇಲೆ ಬೀಜ ಹರವುತ್ತಾರೆ. ಮತ್ತೆ ಮತ್ತೆ ಕೈಯಾಡುತ್ತಾರೆ. ಆಮೇಲೆ ಗೋಣಿಗಳಲ್ಲಿ ಸಡಿಲವಾಗಿ ತುಂಬಿ, ಮಳೆಗಾಳಿ ನುಗ್ಗುವಂತೆ ಸಂದು ಬಿಟ್ಟು ಪೇರಿಸುತ್ತಾರೆ. ಸುರಿದು ತುಂಬಿ, ಸುರಿದು ತುಂಬಿ ವಾರಗಟ್ಟಲೆ ಈ ಕೆಲಸ. ಮೊದಲು ಶೇ. 10-11ರಷ್ಟಿದ್ದ ಬೀಜದ ತೇವ ಕೊನೆಗೆ ಶೇ. 13-14ರ ಹತ್ತಿರ ನಿಲ್ಲುತ್ತದೆ. ಒಂದು ಮಳೆ ಹೆಚ್ಚು ಕುಡಿದರೆ ಬೂಸಲು ಹಿಡಿದು ಎಲ್ಲ ಹಾಳು. ಹೆಸರು 'ಮಾನ್ಸೂನ್ಡ್ ಮಲಬಾರ್'. 2007-08ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು. ಮಾನ್ಯತೆಯಲ್ಲಿ ಮಳೆಗೆ ಹೆಸರುಂಟು, ಕರಾವಳಿಗೆ ಹೆಸರುಂಟು. ಮಳೆಗಾಲವಿಡೀ ಗೋಣಿ ಸುರಿದು ತುಂಬಿದ ಕೈಗಳಿಗೆ ಇಲ್ಲ.

ಎಲ್ಲ ಬಗೆಯ ಕಾಫಿಯೂ ಕೊನೆಗೆ ಬಂದು ಸೇರುವುದು ಹೆಂಗಸರ ಮುಂದೆ. ಯಂತ್ರ ಸಿಪ್ಪೆ ಸುಲಿಯುತ್ತದೆ, ಜರಡಿ ಗಾತ್ರ ವಿಂಗಡಿಸುತ್ತದೆ. ಯಾವುದು ಒಳ್ಳೆಯ ಬೀಜ, ಯಾವುದು ಕೆಟ್ಟದ್ದು ಎಂದು ಹೇಳಬೇಕಾದವರು ಸಾಲಾಗಿ ಕೂತು ಹೆಕ್ಕುವ ಹೆಂಗಸರು. ಕರಿ ಬೀಜ, ಕಂದು ಬೀಜ, ಒಡೆದ ಚೂರು, ಇವನ್ನು ತೆಗೆದು ಬೇರೆ ಹಾಕಬೇಕು. ವ್ಯಾಪಾರದಲ್ಲಿ ಇವಕ್ಕೆ ಒಟ್ಟಾಗಿ 'ಬಿ.ಬಿ.ಬಿ.' ಅಂತ ಹೆಸರು. ಒಂಟಿ ಕಾಳಾಗಿ ಉರುಟಾಗಿರುವುದು ಪೀಬೆರಿ, ಅದಕ್ಕೆ ಬೇರೆ ಮರ್ಯಾದೆ. "ಕರಿಯದ್ದು ಕುರುಡಿಗೂ ಕಾಣ್ತದೆ. ನೋಡ್ಲಿಕ್ಕೆ ಚಂದ ಇದ್ದು ಒಳಗೆ ಹುಳಿತದ್ದು ಉಂಟಲ್ಲ, ಅದನ್ನು ಹಿಡಿಯುವುದೇ ಕೆಲಸ" ಎಂದು ಅಮ್ಮ ಹೇಳುತ್ತಿದ್ದಳು. ಅಂಥ ಒಂದೇ ಬೀಜ ಸಾಕು, ಇಡೀ ಪಾತ್ರೆ ಕಾಫಿ ನಾರುತ್ತದೆ. ಅವಳು ಬೀಜ ಮೂಗಿನ ಹತ್ತಿರ ತಂದು ಅರೆಕ್ಷಣದಲ್ಲಿ ಬಿಸಾಡುತ್ತಿದ್ದಳು.

ಹೆಕ್ಕಿದಷ್ಟಕ್ಕೆ ಕೂಲಿ. ಸಂಜೆ ಗೇಟಿನಲ್ಲಿ ಸೆರಗು ಕೊಡವಿ ತೋರಿಸಿ ಹೊರಗೆ ಬರಬೇಕು. ಎಲ್ಲ ಬಡಜಾತಿಗಳ ಹೆಂಗಸರೂ ಅಲ್ಲಿ ಇದ್ದರು. ಆದರೆ ಕೂರುವ ಸಾಲಿಗೆ, ಕುಡಿಯುವ ನೀರಿಗೆ ಬೇಲಿ ಇತ್ತು. ಅಮ್ಮ ಮುಟ್ಟಿ ಆರಿಸಿದ ಬೀಜ ಕಡಲು ದಾಟಬಹುದು, ಅಮ್ಮ ಮುಟ್ಟಿದ ಮಡಕೆಯ ನೀರು ಪಕ್ಕದ ಸಾಲಿಗೆ ದಾಟಬಾರದು. ಜಾತಿಯ ಈ ಲೆಕ್ಕವನ್ನು ಅರ್ಥ ಮಾಡಿಸಲು ನನಗೆ ಯಾವ ಸಿದ್ಧಾಂತವೂ ಬೇಕಾಗಿರಲಿಲ್ಲ.

ಕಾಫಿ ಬೋರ್ಡು 1942ರಲ್ಲಿ ಬಂದ ಮೇಲೆ ಬೆಳೆದ ಕಾಫಿಯೆಲ್ಲ ಬೋರ್ಡಿನ ಪೂಲಿಗೆ ಹೋಗಬೇಕಿತ್ತು. ಕ್ಯೂರಿಂಗ್ ವರ್ಕ್ಸ್‌ಗಳು ಅದರ ಏಜೆಂಟರಾಗಿ ಕೆಲಸ ಮಾಡಿದವು. 1992ರಿಂದ 1996ರ ನಡುವೆ ಈ ಪೂಲು ಹಂತಹಂತವಾಗಿ ಕರಗಿತು. ಅದೇ ಸುಮಾರಿಗೆ ಬಣ್ಣ ನೋಡಿ ಬೀಜ ಬೇರೆ ಮಾಡುವ ಯಂತ್ರಗಳೂ ಹೆಚ್ಚಿದವು. ಉದಾರೀಕರಣದ ಬಗ್ಗೆ ನಡೆದ ಚರ್ಚೆಗಳಲ್ಲಿ ಬೆಳೆಗಾರರ ದನಿ ಕೇಳಿಸಿತು. ಸಾಲುಸಾಲಾಗಿ ಕೂತಿದ್ದ ಆ ಹೆಂಗಸರು ಎದ್ದು ಬೀಡಿ ಸೂಪಿಗೆ, ಮನೆಗೆಲಸಕ್ಕೆ ಹೋದದ್ದನ್ನು ಯಾರೂ ಬರೆದಿಡಲಿಲ್ಲ.

3. ಹೋಟೆಲಿನ ಲೋಟ

ಬೀಜ ಹೆಕ್ಕಿದವರಿಗೂ ಕುಡಿಯುವ ಕಾಫಿಗೂ ನಡುವೆ ನಿಂತದ್ದು ಹೋಟೆಲು. ಮಂಗಳೂರು 1956ರ ವರೆಗೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಆ ಪ್ರಾಂತ್ಯದ ತಮಿಳು ಭಾಗದಲ್ಲಿ ಕಾಫಿ ಹೇಗೆ ಮೇಲ್ಜಾತಿ ಮಧ್ಯಮ ವರ್ಗದ ಗುರುತಾಯಿತು, 'ಕಾಫಿ ಕ್ಲಬ್'ಗಳಲ್ಲಿ ಜಾತಿ ಹೇಗೆ ಬೆಂಚು ಹಾಕಿಕೊಂಡು ಕೂತಿತು ಎಂಬುದನ್ನು ಎ. ಆರ್. ವೆಂಕಟಾಚಲಪತಿ ಅವರು 2006ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ವಿವರವಾಗಿ ತೋರಿಸಿದ್ದಾರೆ. ನಮ್ಮ ಕರಾವಳಿಗೆ ಈ ಚರಿತ್ರೆ ಇನ್ನೂ ಹತ್ತಿರದ್ದು. ಉಡುಪಿ ಸೀಮೆಯಿಂದ ಹೊರಟವರು ದಕ್ಷಿಣ ಭಾರತದ ನಗರಗಳಿಗೆಲ್ಲ ಹೋಟೆಲು ಕೊಟ್ಟರು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ 1924ರಷ್ಟು ಹಳೆಯದು. ಊರು ಬಿಟ್ಟು, ಪಾತ್ರೆ ತೊಳೆದು ಮೇಲೆ ಬಂದವರ ಸಾಹಸ ದೊಡ್ಡದೇ. ಆದರೆ "ಮಡಿ", "ಶುಚಿ" ಎಂಬ ಮಾತುಗಳು ವ್ಯಾಪಾರದ ಬಂಡವಾಳವಾದಾಗ ಯಾರ ಕೈ ಅಶುಚಿ ಎಂಬ ಮಾತೂ ಬೋರ್ಡಿನ ಹಿಂದೆ ಬರೆದೇ ಇರುತ್ತದೆ.

ಕರ್ನಾಟಕದ ಉದ್ದಕ್ಕೂ ಹಳ್ಳಿ ಹೋಟೆಲುಗಳಲ್ಲಿ ದಲಿತರಿಗೆ ಸಿಕ್ಕಿದ್ದು ಹೊರಗಿನ ಜಾಗ, ಮೇಲಿನಿಂದ ಹೊಯ್ದ ಕಾಫಿ, ಗೆರಟೆ ಅಥವಾ ತಾವೇ ತೊಳೆದಿಡಬೇಕಾದ ಬೇರೆ ಲೋಟ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 15ನೇ ವಿಧಿಯ ಎರಡನೇ ಖಂಡ ಅಂಗಡಿ, ಹೋಟೆಲುಗಳನ್ನು ಹೆಸರಿಸಿಯೇ ಬಾಗಿಲು ತೆರೆಯಿತು. ಬಾಬಾಸಾಹೇಬರು ಮುಂದಾಳಾಗಿ ರೂಪಿಸಿದ ಸಂವಿಧಾನ ಹೋಟೆಲನ್ನು ಮರೆತಿರಲಿಲ್ಲ ಎಂಬುದು ಸಣ್ಣ ಸಂಗತಿಯಲ್ಲ. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. 1970ರ ದಶಕದಲ್ಲಿ ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ಕಟ್ಟಿದ ದಲಿತ ಸಂಘರ್ಷ ಸಮಿತಿಯ ಗೆಳೆಯರು ಊರೂರಿನ ಹೋಟೆಲುಗಳಿಗೆ ಒಟ್ಟಾಗಿ ನುಗ್ಗಿ ಕೂತು ಕಾಫಿ ಕೇಳಿದರು. ಹೊಡೆತ ತಿಂದರು, ಕೇಸು ಹಾಕಿಸಿಕೊಂಡರು, ಕುಡಿದೇ ಎದ್ದರು.

ಮಂಗಳೂರಿನಲ್ಲಿ ಈ ಬಾಗಿಲುಗಳ ಚರಿತ್ರೆಗೆ ಹಿಂದಿನ ಒಂದು ಅಧ್ಯಾಯವೂ ಉಂಟು. ಕುದ್ಮುಲ್ ರಂಗರಾಯರು 1897ರಲ್ಲಿ ಇಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿ ದಲಿತ ಮಕ್ಕಳಿಗೆ ಶಾಲೆ ನಡೆಸಿದರು, ಸ್ವಂತ ಜಾತಿಯ ಬಹಿಷ್ಕಾರ ಉಂಡರು. ಶಾಲೆಯ ಬಾಗಿಲು, ಹೋಟೆಲಿನ ಬಾಗಿಲು ಹೀಗೆ ಒಂದೊಂದಾಗಿ ತೆರೆದವು. ತೆರೆಯದೆ ಉಳಿದದ್ದು ಮನೆಯ ಅಡಿಗೆಕೋಣೆಯದ್ದು. ಅಲ್ಲಿಗೆ ಯಾವ ಕಾಯ್ದೆಯೂ ಹೋಗಲಾರದು.

4. ಮನೆಯ ಲೋಟ

ನಮ್ಮ ಮನೆಯಲ್ಲಿ ಕಾಫಿ ಮಾಡುತ್ತಿದ್ದ ಕ್ರಮ ಬರೆಯುತ್ತೇನೆ. ಇದು ಅಡಿಗೆ ಪುಸ್ತಕಗಳಲ್ಲಿ ಸಿಗುವುದಿಲ್ಲ. ಅಂಗಡಿಯಿಂದ ಬರುತ್ತಿದ್ದದ್ದು ಅಗ್ಗದ ಬೀಜ. ವಿದೇಶಕ್ಕೆ ಸಲ್ಲದ ಕರಿಯದ್ದು, ಚೂರುಗಳು ದೇಶದ ಒಳಗಿನ ಮಾರುಕಟ್ಟೆಗೇ ಹೋಗುತ್ತವಲ್ಲ. ಹಗಲು ಹೆಕ್ಕಿ ಬಿಸಾಡಿದ್ದೇ ಸುತ್ತಿಬಳಸಿ ನಮ್ಮ ಮನೆಗೆ ಬಂದಿದೆ ಎಂದು ಅಮ್ಮ ನಗುತ್ತಿದ್ದಳು. ಆದರೆ ಅದನ್ನೂ ಅವಳು ಹಾಗೆಯೇ ಬಳಸುತ್ತಿರಲಿಲ್ಲ. ಗೆರಸೆಯಲ್ಲಿ ಹರವಿ ಇನ್ನೊಮ್ಮೆ ಹೆಕ್ಕುತ್ತಿದ್ದಳು, ಈ ಸಲ ಕೂಲಿ ಇಲ್ಲದೆ. ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಕೈ ಬಿಡದೆ ಹುರಿಯಬೇಕು. ಬೀಜ ಹಳದಿಯಾಗಿ, ಕಂದಾಗಿ, ಚಟ್ ಚಟ್ ಎಂದು ಸಿಡಿಯುತ್ತದೆ. ಎಣ್ಣೆ ಒಸರಿ ಮಿರಿಮಿರಿ ಹೊಳೆಯುವ ಮೊದಲೇ ಇಳಿಸಿ ಆರಲು ಹಾಕಬೇಕು. ತಡ ಮಾಡಿದರೆ ಬರೀ ಸುಟ್ಟ ಕಹಿ. ಪುಡಿ ಮಾಡುವುದು ಆಯಾ ವಾರಕ್ಕೆ ಬೇಕಾದಷ್ಟನ್ನು ಮಾತ್ರ, ಯಾಕೆಂದರೆ ಪುಡಿಯಾದ ಮೇಲೆ ಪರಿಮಳ ನಿಲ್ಲುವುದಿಲ್ಲ.

ತಪಲೆಯಲ್ಲಿ ನೀರಿಟ್ಟು ಓಲೆಬೆಲ್ಲ ಹಾಕಿ ಕುದಿಸುತ್ತಿದ್ದಳು. ನೀರು ಕೊತಕೊತ ಕುದಿದ ಮೇಲೆ ಒಲೆಯಿಂದ ಇಳಿಸಿ, ಕುದಿ ಅಡಗಿದ ಮೇಲೆ ಪುಡಿ ಹಾಕಿ ಮುಚ್ಚಬೇಕು. ಪುಡಿಯನ್ನು ಕುದಿಸಿದರೆ ಕಾಫಿ ಸತ್ತಿತು ಅಂತ ಅವಳ ಮಾತು. ಚರಟ ತಳಕ್ಕೆ ಇಳಿಯುವವರೆಗೆ ಕಾದು ಬಟ್ಟೆಯಲ್ಲಿ ಸೋಸಿದರೆ ಆಯಿತು. ಹಾಲು ಇಲ್ಲ. ಹಾಲು ಕೊಡುವ ಮನೆಯವರು ನಮ್ಮ ಪಾತ್ರೆಯನ್ನು ಅಂಗಳದಲ್ಲೇ ನಿಲ್ಲಿಸುತ್ತಿದ್ದರು, ಅಮ್ಮನಿಗೆ ಅದು ಬೇಡವಾಗಿತ್ತು. ಪ್ಯಾಕೆಟ್ ಹಾಲು ಬಂದ ಮೇಲೆ, ನನ್ನ ಮೊದಲ ಸಂಬಳದಲ್ಲಿ ಸ್ಟೀಲಿನ ಫಿಲ್ಟರ್ ತಂದ ಮೇಲೆ, ನಮ್ಮಲ್ಲೂ ಹಾಲಿನ ಕಾಫಿ ಶುರುವಾಯಿತು. ಫಿಲ್ಟರಿನ ಮೇಲಿನ ಪಾತ್ರೆಗೆ ಪುಡಿ ಹಾಕಿ, ಬಿಲ್ಲೆಯಿಂದ ಮೆಲ್ಲಗೆ ಒತ್ತಿ, ಬಿಸಿನೀರು ಹೊಯ್ದು ಹದಿನೈದು ಇಪ್ಪತ್ತು ನಿಮಿಷ ಮುಟ್ಟದೆ ಬಿಡಬೇಕು. ಒತ್ತು ಹೆಚ್ಚಾದರೆ ಇಳಿಯುವುದಿಲ್ಲ, ಕಮ್ಮಿಯಾದರೆ ನೀರು. ಚಿಕೋರಿ ಬೆರೆತ ಪುಡಿಯನ್ನು ಅಮ್ಮ ನಾಲಿಗೆ ತುದಿಯಲ್ಲಿ ಹಿಡಿಯುತ್ತಿದ್ದಳು. ಅರ್ಧಕ್ಕಿಂತ ತುಸು ಕಡಿಮೆ, ಅಂದರೆ ಶೇ. 49ರ ವರೆಗೆ, ಚಿಕೋರಿ ಬೆರೆಸಲು ಕಾನೂನೇ ಬಿಡುತ್ತದೆ. "ಬೇರಿನ ನೀರಿಗೆ ಕಾಫಿಯ ಕ್ರಯವಾ?" ಅಂತ ಅವಳು ಪ್ಯಾಕೆಟನ್ನು ಆಚೆ ಇಡುತ್ತಿದ್ದಳು.

ಇಂಥ ಕಾಫಿ ಮಾಡುವ ಮನೆಗೆ ಯಾರಾದರೂ ಬಂದರೆ ಏನಾಗುತ್ತದೆ? ನಮ್ಮೂರಲ್ಲಿ ಸಿಕ್ಕಿದವರನ್ನು ಮೊದಲು ಕೇಳುವುದೇ "ಚಾ ಆಂಡಾ?" ಅಂತ. ಕುಡಿಯುವುದು ಕಾಫಿಯಾದರೂ ಮಾತು ಚಾದ್ದೇ. ಈ ಪ್ರಶ್ನೆಗೆ ಊರು ಒಂದು ಉತ್ತರವನ್ನೂ ಕಲಿತಿದೆ. ಶಾಲೆಯ ಮಾಸ್ತರರು ಬಂದರು, ಓಟು ಕೇಳುವವರು ಬಂದರು, ನನ್ನ ಆಫೀಸಿನ ಗೆಳೆಯರು ಬಂದರು, ಕವಿಗೋಷ್ಠಿಗೆ ಕರೆಯಲು ಸಾಹಿತಿಗಳೂ ಬಂದರು. ಬಹಳ ಪ್ರೀತಿಯಿಂದ ಮಾತಾಡಿದರು. ಫಿಲ್ಟರಿಗೆ ನೀರು ಹೊಯ್ಯುವ ಸದ್ದು ಕೇಳಿದ ಕೂಡಲೇ "ಅಯ್ಯೋ ಬೇಡ ಅಕ್ಕಾ, ಈಗಷ್ಟೇ ಕುಡಿದು ಬಂದದ್ದು" ಎಂದರು. ಈ ವಾಕ್ಯದಲ್ಲಿ ಬೈಗುಳ ಇಲ್ಲ, ಕೇಸು ಹಾಕುವಂಥದ್ದೂ ಏನಿಲ್ಲ. ಎಷ್ಟೋ ಸಲ ಅದು ನಿಜವೂ ಇರಬಹುದು. ಆದರೆ ಇಪ್ಪತ್ತು ವರ್ಷ ನಮ್ಮ ಮನೆಗೆ ಬಂದವರೆಲ್ಲ ಈಗಷ್ಟೇ ಕುಡಿದು ಬಂದವರೇ ಆಗಿರಲು ಸಾಧ್ಯವೇ? ಅಮ್ಮ ಇದಕ್ಕೆ ಜಗಳ ಆಡಿದವಳಲ್ಲ. ಇಳಿದ ಡಿಕಾಕ್ಷನ್ನನ್ನು ಮುಚ್ಚಿಟ್ಟು, ಅವರು ಹೋದ ಮೇಲೆ ನಮಗೆಲ್ಲ ಹೊಯ್ದು ಕೊಡುತ್ತಿದ್ದಳು. "ಒಳ್ಳೆಯದನ್ನು ಚೆಲ್ಲಬಾರದು" ಎನ್ನುತ್ತಿದ್ದಳು.

ಈಗ ಸಭೆ ಸಮಾರಂಭಗಳಲ್ಲಿ ಕಾಗದದ ಲೋಟ ಬಂದಿದೆ. ಕುಡಿದು ಬಿಸಾಡುವುದು, ಯಾರಿಗೂ ತೊಂದರೆ ಇಲ್ಲ. ಎಲ್ಲರಿಗೂ ಅದೇ ಕೊಟ್ಟರೆ ನಾನೂ ಸುಮ್ಮನಿರುತ್ತೇನೆ. ಮನೆಯ ಒಳಗೆ ಸ್ಟೀಲು ಲೋಟಗಳಿದ್ದು, ಕೆಲಸಕ್ಕೆ ಬಂದವಳಿಗೆ ಮಾತ್ರ ಕಾಗದದ್ದು ಬಂದರೆ ಅದು ಗೆರಟೆಯೇ, ಫ್ಯಾಕ್ಟರಿಯಲ್ಲಿ ತಯಾರಾದದ್ದು ಅಷ್ಟೆ.

5. ರುಚಿ ಯಾರದ್ದು

ನಮ್ಮ ಕಾವ್ಯಮೀಮಾಂಸೆಯಲ್ಲಿ ಸವಿಯುವವನಿಗೆ ಸಹೃದಯ ಎಂಬ ದೊಡ್ಡ ಹೆಸರುಂಟು. ಸವಿಯಲು ಬೇಕಾದದ್ದನ್ನು ಬೆಳೆದವರಿಗೆ, ಕಸ ಕಲ್ಲು ಬೇರೆ ಮಾಡಿ ಹಸನು ಮಾಡಿದವರಿಗೆ ಅಲ್ಲಿ ಹೆಸರಿಲ್ಲ. ಅಭಿರುಚಿ ಎಂಬುದು ಹುಟ್ಟಿನಿಂದ, ಮನೆತನದಿಂದ ಬರುವಂಥದ್ದು ಎಂಬ ನಂಬಿಕೆ ಕನ್ನಡ ವಿಮರ್ಶೆಯಲ್ಲಿ ಬಹುಕಾಲ ಓಡಾಡಿದೆ. ದಲಿತರ ಬರವಣಿಗೆಯಲ್ಲಿ ಅನುಭವ ಉಂಟು, ರುಚಿಶುದ್ಧಿ ಸಾಲದು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಕಾಫಿಯ ಚರಿತ್ರೆ ಈ ಮಾತಿಗೆ ಎದುರು ನಿಲ್ಲುತ್ತದೆ. ಯುರೋಪಿನ ನಾಲಿಗೆ ಮೆಚ್ಚಿದ, ಕಾಫಿ ಹೌಸುಗಳಲ್ಲಿ ಕೂತು ನವ್ಯದ ಚರ್ಚೆ ಮಾಡಿದವರು ಮೆಚ್ಚಿದ ಆ ರುಚಿಯಲ್ಲಿ ಬಹುಪಾಲು ಒಳ್ಳೆಯದು ಕೆಟ್ಟದ್ದರ ತೀರ್ಪು ಕೊಟ್ಟವರು, ಆ ಲೋಟ ಮುಟ್ಟಬಾರದು ಎನ್ನಿಸಿಕೊಂಡವರು. ಹೆಕ್ಕುವುದು ಕೂಲಿ ಕೆಲಸ ಹೌದು, ತಿಳಿವಳಿಕೆಯೂ ಹೌದು. ಅದು ವಿಮರ್ಶೆಯೂ ಹೌದು ಎಂದು ಹೇಳಲು ನಾನು ಹಿಂಜರಿಯುವುದಿಲ್ಲ.

ಶ್ರಮವನ್ನು ಕೊಂಡಾಡಿ ಸುಮ್ಮನಾಗುವುದು ನನ್ನ ಉದ್ದೇಶವಲ್ಲ. ಹೆಕ್ಕಿದ ಬೆರಳಿಗೆ ಗೌರವ ಎಂದು ಭಾಷಣ ಮಾಡಿ, ಆ ಬೆರಳು ಕೊಟ್ಟ ಲೋಟವನ್ನು ಬೇಡವೆನ್ನುವ ಪ್ರಗತಿಪರರು ಬೇಕಾದಷ್ಟು ಇದ್ದಾರೆ. ದುಡಿದವರಿಗೆ ಒಳ್ಳೆಯ ಕಾಫಿಯ ಹಕ್ಕೂ ಉಂಟು. ನಿಧಾನಕ್ಕೆ ಇಳಿಸಿ, ಕೂತು, ಸವಿದು ಕುಡಿಯುವ ಹಕ್ಕು. ಹೋರಾಟದವರಿಗೆ ಬಿಡುವು ಯಾಕೆ, ರುಚಿ ಯಾಕೆ ಎನ್ನುವ ಒಣ ನೀತಿ ನಮ್ಮೊಳಗೇ ಇದೆ. ಅದನ್ನೂ ಬಿಡಬೇಕು.

ಮಂಗಳೂರಿನಲ್ಲಿ ಓದುತ್ತಿರುವ ಗೆಳೆಯರಲ್ಲಿ ನನ್ನದೊಂದು ವಿನಂತಿ. ಕ್ಯೂರಿಂಗಿನಲ್ಲಿ ಹೆಕ್ಕಿದ ಹೆಂಗಸರಲ್ಲಿ ಕೆಲವರು ಇನ್ನೂ ನಮ್ಮ ನಡುವೆ ಇದ್ದಾರೆ, ಕಣ್ಣು ಮಂಜಾಗಿದೆ, ಮಾತು ಚುರುಕಾಗಿದೆ. ಎಷ್ಟು ಕೂಲಿ ಸಿಗುತ್ತಿತ್ತು, ಯಾವ ಸಾಲಿನಲ್ಲಿ ಯಾರು ಕೂರುತ್ತಿದ್ದರು, ಯಂತ್ರ ಬಂದ ದಿನ ಯಾರು ಏನು ಹೇಳಿದರು, ಮನೆಯಲ್ಲಿ ಕಾಫಿ ಹೇಗೆ ಮಾಡುತ್ತಿದ್ದರು, ಇದನ್ನೆಲ್ಲ ಕೇಳಿ ಬರೆದುಕೊಳ್ಳಿ. ಘಟ್ಟಕ್ಕೆ ಹೋಗಿ ಬಂದ ಮನೆಗಳಲ್ಲಿ ಸಾಲದ ಕತೆ ಕೇಳಿ. ಚೋಮನ ಮಕ್ಕಳ ಕತೆಯನ್ನು ಇನ್ನು ಕಾದಂಬರಿಕಾರರಿಗೆ ಮಾತ್ರ ಬಿಡುವುದು ಬೇಡ. ಹಾಗೆ ಕೇಳಲು ಹೋದಾಗ ಅವರು ಒಳಗೆ ಹೋಗಿ ನೀರು ಕುದಿಸಲು ಇಡುತ್ತಾರೆ. ಆಗ ಈಗಷ್ಟೇ ಕುಡಿದು ಬಂದೆ ಅನ್ನಬೇಡಿ. ಕೂತು ಕುಡಿಯಿರಿ, ಚೆನ್ನಾಗಿದ್ದರೆ ಚೆನ್ನಾಗಿದೆ ಅನ್ನಿ, ಇನ್ನೊಂದು ಲೋಟ ಕೇಳಿ.